ಬೋಟ್ ಎಂಜಿನ್ ಹೀಟ್ ಆಗುತ್ತಿದೆಯಾ? ಮೊದಲು ಹಿಂದೆ ಚಿಮ್ಮುವ ನೀರು ನೋಡಿ

ಬೇಸಿಗೆ ಬಂತೆಂದರೆ ಕೆಆರ್‌ಎಸ್, ಕಬಿನಿ ಹಿನ್ನೀರು ಹಿಂದಕ್ಕೆ ಸರಿಯುತ್ತದೆ. ಮಳೆಗಾಲದಲ್ಲಿ ಆಳ ನೀರಿದ್ದ ಕಡೆ ಕೆಸರು, ಪಾಚಿ, ಮರದ ಬುಡ ಮೇಲೆ ಬರುತ್ತವೆ. ಬೋಟ್‌ನ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್‌ಗೆ ಇದು ಕಷ್ಟದ ಕಾಲ.

ಹೋದ ಬೇಸಿಗೆಯಲ್ಲಿ ಕಬಿನಿ ಹಿನ್ನೀರಲ್ಲಿ ನಾನು ಕೂತಿದ್ದ ಬೋಟ್‌ನಲ್ಲಿ ಎಂಜಿನ್ ಹೀಟ್ ಆಗಿದೆ ಅಂತ ಎಚ್ಚರಿಸುವ ಬಜರ್ ಕೂಗಿತು. ‘ಇನ್ನೇನು ದಡ ಬಂತು ಬುಡಿ ಅಣ್ಣ’ ಅಂತ ಓಡಿಸುತ್ತಿದ್ದ ಹುಡುಗ ಹಾಗೇ ಎಳೆದ. ದಡ ಮುಟ್ಟುವ ಮೊದಲೇ ಎಂಜಿನ್ ಸೀಜ್ ಆಯಿತು. ಆಮೇಲೆ ನೋಡಿದರೆ ನೀರು ಎಳೆಯುವ ಜಾಲರಿಗೆ ಒಂದು ಪ್ಲಾಸ್ಟಿಕ್ ಕವರ್ ಸುತ್ತಿಕೊಂಡಿತ್ತು. ಎರಡು ನಿಮಿಷದ ಕೆಲಸಕ್ಕೆ ಒಂದು ಎಂಜಿನ್ ಹೋಯಿತಲ್ಲ ಅನ್ನುವ ಸಂಕಟ ಇನ್ನೂ ಇದೆ.

ಈ ಎಂಜಿನ್‌ಗೆ ಕಾರಿನ ಹಾಗೆ ರೇಡಿಯೇಟರ್ ಇರುವುದಿಲ್ಲ. ಬೋಟ್ ತೇಲುವ ನೀರನ್ನೇ ಕುಡಿದು ತಣ್ಣಗಾಗುತ್ತದೆ. ಪ್ರೊಪೆಲ್ಲರ್‌ಗಿಂತ ಸ್ವಲ್ಪ ಮೇಲೆ, ಎಂಜಿನ್‌ನ ನೀರಲ್ಲಿ ಮುಳುಗುವ ಕೆಳಗಿನ ಕಾಲಿನ ಪಕ್ಕದಲ್ಲಿ ಜಾಲರಿ ಇದೆ. ಅಲ್ಲಿಂದ ರಬ್ಬರ್ ರೆಕ್ಕೆಯ ಇಂಪೆಲ್ಲರ್ ನೀರನ್ನು ಮೇಲಕ್ಕೆ ತಳ್ಳುತ್ತದೆ. ಎಂಜಿನ್ ಸುತ್ತಿದ ನೀರಲ್ಲಿ ಹೆಚ್ಚಿನ ಪಾಲು ಹೊಗೆಯ ಜೊತೆ ಕೆಳಗೆ ಹೋಗುತ್ತದೆ. ಸ್ವಲ್ಪ ಮಾತ್ರ ಹಿಂದಿನ ಸಣ್ಣ ತೂತಿನಿಂದ ಪಿಚಕಾರಿಯ ಹಾಗೆ ಚಿಮ್ಮುತ್ತದೆ. ನೀವು ಕಣ್ಣಿಡಬೇಕಾದದ್ದು ಈ ಧಾರೆಯ ಮೇಲೆ.

ಬಜರ್ ಕೂಗಿದರೆ ಅಥವಾ ವೇಗ ತಾನಾಗಿಯೇ ಇಳಿದರೆ ತಕ್ಷಣ ಥ್ರಾಟಲ್ ಇಳಿಸಿ ನ್ಯೂಟ್ರಲ್‌ಗೆ ತನ್ನಿ. ತಿರುಗಿ ನೋಡಿ. ಧಾರೆ ನಿಂತಿದ್ದರೆ ಎಂಜಿನ್ ಆಫ್ ಮಾಡಿ, ಸ್ಟಾರ್ಟ್ ಆಗದಂತೆ ಕಿಲ್ ಸ್ವಿಚ್ ಕ್ಲಿಪ್ ಎಳೆದುಬಿಡಿ. ಲಂಗರು ಹಾಕಿ, ಎಂಜಿನ್ ಮೇಲೆತ್ತಿ ಜಾಲರಿ ನೋಡಿ. ನಮ್ಮ ಕಡೆ ಸಿಗುವುದು ಅಂತರಗಂಗೆ ಬೇರು, ಪಾಚಿ, ಹರಿದ ಬಲೆ, ಕವರ್. ಕೈಯಲ್ಲೇ ಬಿಡಿಸಿ. ಕೆಲವರು ಮೇಲಿನ ಮುಚ್ಚಳ ತೆಗೆದು ತಣ್ಣೀರು ಎರಚುತ್ತಾರೆ. ಅದು ಬೇಡವೇ ಬೇಡ. ಕಾದ ಲೋಹ ಬಿರುಕು ಬಿಡಬಹುದು, ವೈರಿಂಗ್‌ಗೂ ನೀರು ಇಳಿಯುತ್ತದೆ. ತಾನಾಗಿ ಆರಲಿ.

ಜಾಲರಿ ಸ್ವಚ್ಛ ಇದೆ, ಆದರೂ ಧಾರೆ ಇಲ್ಲ ಅಂದರೆ ಆ ತೂತೇ ಕಟ್ಟಿರಬಹುದು. ತಿಂಗಳುಗಟ್ಟಲೆ ಶೆಡ್‌ನಲ್ಲಿಟ್ಟ ಎಂಜಿನ್‌ನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ಗಾಳದ ದಪ್ಪ ದಾರ ತೂರಿಸಿ ಬಿಡಿಸಿ. ಎಂಜಿನ್ ತೀರ ಮೇಲಕ್ಕೆ ಕೂತಿದ್ದರೂ ಜಾಲರಿ ನೀರಿನ ಬದಲು ಗಾಳಿ ಎಳೆಯುತ್ತದೆ. ಪ್ರೊಪೆಲ್ಲರ್ ಮೇಲಿನ ಅಡ್ಡ ತಗಡು ಬೋಟ್‌ನ ತಳಕ್ಕೆ ಸರಿಸಮವಾಗಿ ಇದೆಯೇ ನೋಡಿಕೊಳ್ಳಿ.

ಇಷ್ಟಾದ ಮೇಲೆ ನನ್ನ ಅನುಮಾನ ನೇರ ಇಂಪೆಲ್ಲರ್ ಮೇಲೆ. ಹೂಳಿನ ನೀರು ಅದನ್ನು ಉಜ್ಜಿ ತಿನ್ನುತ್ತದೆ. ನೀರಿಲ್ಲದೆ ಒಂದು ನಿಮಿಷ ಓಡಿಸಿದರೂ ಸಾಕು, ರಬ್ಬರ್ ಸುಟ್ಟುಹೋಗುತ್ತದೆ. ದಡದಲ್ಲಿ ‘ಸುಮ್ನೆ ಸ್ಟಾರ್ಟ್ ಆಗುತ್ತಾ ನೋಡೋಣ’ ಅನ್ನುವವರಿಗೆ ಇದು ಗೊತ್ತಿರಲಿ. ಗೇರ್ ರಾಡ್ ಬಿಡಿಸಿ, ಬೋಲ್ಟ್ ಬಿಚ್ಚಿದರೆ ಕೆಳಗಿನ ಕಾಲು ಕೈಗೆ ಬರುತ್ತದೆ. ಪಂಪ್ ಡಬ್ಬಿ ತೆಗೆದು ರೆಕ್ಕೆ ಎಣಿಸಿ. ಒಂದು ಮುರಿದಿದ್ದರೂ ಆ ಚೂರು ಹುಡುಕಿ ತೆಗೆಯಲೇಬೇಕು. ಇಲ್ಲದಿದ್ದರೆ ಅದು ಮೇಲಿನ ನೀರಿನ ದಾರಿಯಲ್ಲಿ ಸಿಕ್ಕಿಕೊಂಡು ಹೊಸ ಇಂಪೆಲ್ಲರ್ ಹಾಕಿದ ಮೇಲೂ ಹೀಟ್ ಆಗುತ್ತದೆ. ರೆಕ್ಕೆ ಒಂದೇ ಕಡೆ ಬಾಗಿ ಗಟ್ಟಿಯಾಗಿದ್ದರೂ ಬದಲಾಯಿಸಿ. ಹೊಸದಕ್ಕೆ ಸೋಪಿನ ನೀರು ಹಚ್ಚಿ, ಶಾಫ್ಟನ್ನು ಅದು ತಿರುಗುವ ದಿಕ್ಕಿಗೇ ತಿರುಗಿಸುತ್ತಾ ಡಬ್ಬಿ ಕೂರಿಸಿ. ಇಂಪೆಲ್ಲರನ್ನು ಶಾಫ್ಟ್‌ಗೆ ಹಿಡಿದಿಡುವ ಸಣ್ಣ ಕೀ ಕಳೆದುಹೋಗದಂತೆ ನೋಡಿಕೊಳ್ಳಿ. ಗ್ಯಾಸ್ಕೆಟ್ ಹೊಸದೇ ಇರಲಿ.

ಧಾರೆ ಜೋರಾಗಿದ್ದೂ ಹೀಟ್ ಆದರೆ, ಬಿಸಿಯಾದಾಗ ತೆರೆದು ನೀರು ಹರಿಯಬಿಡುವ ಥರ್ಮೋಸ್ಟಾಟ್ ಬಿಚ್ಚಿ, ದಾರಕ್ಕೆ ಕಟ್ಟಿ ಪಾತ್ರೆಯ ನೀರಲ್ಲಿ ಇಳಿಬಿಟ್ಟು ಕಾಯಿಸಿ. ಹೆಚ್ಚಿನ ಔಟ್‌ಬೋರ್ಡ್‌ಗಳಲ್ಲಿ ಅದು 50ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಾಯಿ ಬಿಡುತ್ತದೆ. ನೀರು ಕುದಿದರೂ ಬಿಡದಿದ್ದರೆ ಕೆಟ್ಟಿದೆ. ಕಾರಿನದು ಹಾಕಬೇಡಿ, ಅದು ತೆರೆಯುವುದು ಇನ್ನೂ ಜಾಸ್ತಿ ಬಿಸಿಗೆ. ಟೂ ಸ್ಟ್ರೋಕ್ ಆಗಿದ್ದರೆ ಪೆಟ್ರೋಲ್‌ಗೆ ಆಯಿಲ್ ಸರಿಯಾಗಿ ಬೆರೆತಿದೆಯೇ ಅಂತಲೂ ನೋಡಿ.

ಜೋಡಿಸಿದ ಮೇಲೆ ಪ್ರೊಪೆಲ್ಲರ್ ಬಿಚ್ಚಿಟ್ಟು, ಜಾಲರಿ ಪೂರ್ತಿ ಮುಳುಗುವಷ್ಟು ನೀರಿರುವ ಡ್ರಮ್‌ನಲ್ಲಿ ನಿಲ್ಲಿಸಿ ನಿಧಾನಕ್ಕೆ ಓಡಿಸಿ. ಧಾರೆಗೆ ಬೆರಳು ಹಿಡಿಯಿರಿ. ಉಗುರುಬೆಚ್ಚಗಿರಬೇಕು. ಕೈ ಸುಡುವ ಹಾಗಿದ್ದರೆ, ಧಾರೆಯ ಜೊತೆ ಆವಿ ಬರುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಬಜರ್ ಯಾವಾಗ ಕೂಗಿತು, ಧಾರೆ ಹೇಗಿತ್ತು, ಏನೇನು ಬದಲಾಯಿಸಿದಿರಿ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕೊಡಿ.