ಅಳೆಯುತ್ತಿರುವಾಗಲೇ ಡಿವೈಸ್ ಹೊರಟುಹೋದರೆ?

ಲಿನಕ್ಸ್ ಕರ್ನಲ್‌ಗೆ ಪರ್ಫ್ (ಕಾರ್ಯಕ್ಷಮತೆ ಅಳೆಯುವ ಸಾಧನ) ಬಂದದ್ದು 2009ರಲ್ಲಿ, 2.6.31ರ ಜೊತೆ. ಪ್ರೊಸೆಸರ್, ಮೆಮೊರಿ ಕಂಟ್ರೋಲರ್, ಜಿಪಿಯು ಒಳಗಿನ ಕೌಂಟರ್‌ಗಳನ್ನು ಅದು ನಮಗೆ ಓದಿಕೊಡುತ್ತದೆ. ಈ ಕೌಂಟರ್‌ಗಳನ್ನು ನೋಡಿಕೊಳ್ಳುವ ಘಟಕವೇ ಪಿಎಂಯು. ಅದಕ್ಕೆ ಡ್ರೈವರ್ ಬರೆಯುವವರು ಎಣಿಕೆ ಸರಿ ಬಂದರೆ ಸಾಕು ಅಂದುಕೊಳ್ಳುತ್ತಾರೆ. ಆದರೆ ಡಿವೈಸ್ ಹೊರಗೆ ಹೋಗುವ ದಾರಿಯನ್ನೂ ಅಷ್ಟೇ ಜೋಪಾನವಾಗಿ ಬರೆಯಬೇಕು.

ಏನಾಗುತ್ತದೆ ನೋಡಿ. ಒಂದು ಟರ್ಮಿನಲ್‌ನಲ್ಲಿ ಪರ್ಫ್ ಸ್ಟ್ಯಾಟ್ ಓಡುತ್ತಿದೆ. ಇನ್ನೊಂದರಲ್ಲಿ ರೂಟ್ ಆಗಿ, ಸಿಸ್‌ಎಫ್‌ಎಸ್‌ನ (ಕರ್ನಲ್ ತನ್ನ ಡಿವೈಸ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಅನ್‌ಬೈಂಡ್ ಫೈಲಿಗೆ, ಅಂದರೆ ಡಿವೈಸನ್ನು ಡ್ರೈವರ್‌ನಿಂದ ಬಿಡಿಸುವ ಫೈಲಿಗೆ, ಆ ಡಿವೈಸ್‌ನ ಹೆಸರು ಬರೆಯುತ್ತೀರಿ. ಡ್ರೈವರ್‌ನ ರಿಮೂವ್ ಫಂಕ್ಷನ್ ಮುಗಿಯುತ್ತಿದ್ದಂತೆ ಡೆವ್‌ಎಂ (ಡಿವೈಸ್ ಬಿಟ್ಟಾಗ ಪಡೆದದ್ದನ್ನು ತಾನೇ ವಾಪಸ್ ಕೊಡುವ ಕರ್ನಲ್ ವ್ಯವಸ್ಥೆ) ಮೂಲಕ ಪಡೆದ ಮೆಮೊರಿಯೆಲ್ಲ ವಾಪಸ್ ಹೋಗುತ್ತದೆ. ಆದರೆ ಪರ್ಫ್ ತೆರೆದಿಟ್ಟ ಇವೆಂಟ್ (ನಡೆಯುತ್ತಿರುವ ಒಂದು ಎಣಿಕೆ) ಇನ್ನೂ ಇದೆ ಅಲ್ವಾ? ಅದರ ಪಾಯಿಂಟರ್ ಅದೇ ಹಳೆಯ ಜಾಗವನ್ನೇ ಹಿಡಿದುಕೊಂಡಿದೆ. ಕಂಟ್ರೋಲ್-ಸಿ ಒತ್ತಿದರೆ ಕರ್ನಲ್ ಆ ಜಾಗಕ್ಕೇ ಕೈ ಹಾಕುತ್ತದೆ.

ಮೊದಲ ಕೆಲಸ ಸುಲಭ. ಪಿಎಂಯು ಸ್ಟ್ರಕ್ಟ್‌ನ ಮಾಡ್ಯೂಲ್ ಜಾಗದಲ್ಲಿ ನಿಮ್ಮ ಮಾಡ್ಯೂಲನ್ನು ತುಂಬಿ. ಮಾಡ್ಯೂಲನ್ನು ಎಷ್ಟು ಇವೆಂಟ್‌ಗಳು ಬಳಸುತ್ತಿವೆ ಎಂಬ ಲೆಕ್ಕ ಕರ್ನಲ್ ಇಡುವುದರಿಂದ, ಇವೆಂಟ್ ತೆರೆದಿರುವವರೆಗೆ ಆರ್‌ಎಂಮಾಡ್ (ಮಾಡ್ಯೂಲ್ ತೆಗೆಯುವ ಆಜ್ಞೆ) ನಡೆಯುವುದಿಲ್ಲ. ಆದರೆ ಅನ್‌ಬೈಂಡ್ ಈ ಲೆಕ್ಕವನ್ನು ನೋಡುವುದೇ ಇಲ್ಲ. ಇಲ್ಲೇ ತುಂಬ ಜನ ಎಡವುತ್ತಾರೆ.

ಪಿಎಂಯು ಚಿಪ್ ಒಳಗೇ ಇದ್ದರೆ ಅದನ್ನು ಯಾರೂ ಕಿತ್ತುಕೊಂಡು ಹೋಗಲಾರರು. ಹಾಗಿದ್ದಾಗ ಡ್ರೈವರ್‌ನಲ್ಲಿ ಸಪ್ರೆಸ್_ಬೈಂಡ್_ಆಟ್ರ್ಸ್ ಅನ್ನು ಟ್ರೂ ಮಾಡಿ. ಅನ್‌ಬೈಂಡ್ ಫೈಲೇ ಕಾಣಿಸುವುದಿಲ್ಲ. ಆರ್ಮ್ ಚಿಪ್‌ಗಳ ಹಲವು ಪಿಎಂಯು ಡ್ರೈವರ್‌ಗಳು ಹೀಗೇ ಮಾಡುತ್ತವೆ.

ಪಿಸಿಐ ಕಾರ್ಡ್ ಆದರೆ ಕಥೆ ಬೇರೆ. ಕಾರ್ಡ್ ಹೋಗುವುದನ್ನು ತಡೆಯಲು ಆಗುವುದಿಲ್ಲ. ಆಗ ಹೊಳೆಯುವ ಉಪಾಯ ಒಂದಿದೆ: ಇವೆಂಟ್‌ಗಳನ್ನು ಎಣಿಸಿಟ್ಟು, ಕೊನೆಯದರ ಡಿಸ್ಟ್ರಾಯ್ ಕಾಲ್‌ಬ್ಯಾಕ್‌ನಲ್ಲಿ (ಇವೆಂಟ್ ಮುಚ್ಚುವಾಗ ಕರ್ನಲ್ ಕರೆಯುವ ಫಂಕ್ಷನ್) ಮೆಮೊರಿ ಬಿಡುವುದು. ದಯವಿಟ್ಟು ಬೇಡ. ಡಿಸ್ಟ್ರಾಯ್ ಮುಗಿದ ಮೇಲೂ ಪರ್ಫ್ ಕೋರ್ ಮಾಡ್ಯೂಲ್ ರೆಫರೆನ್ಸ್ ಬಿಡಲು ಅದೇ ಪಿಎಂಯು ಸ್ಟ್ರಕ್ಟ್ ಒಳಗೆ ನೋಡುತ್ತದೆ. ಬಲೆಗೆ ನೀವೇ ಬಿದ್ದಂತಾಗುತ್ತದೆ. 2025ರಲ್ಲಿ ಪರ್ಫ್ ಕೋರ್‌ಗೇ ಇದಕ್ಕೆ ಪರಿಹಾರ ಬಂತು. ಈಗ ಪರ್ಫ್_ಪಿಎಂಯು_ಅನ್‌ರಿಜಿಸ್ಟರ್ ಕರೆದರೆ ತೆರೆದಿರುವ ಇವೆಂಟ್‌ಗಳನ್ನು ಅದೇ ಕಳಚುತ್ತದೆ. ಆಮೇಲೆ ರೀಡ್ ಮಾಡಿದವರಿಗೆ ಸೊನ್ನೆ ಬೈಟ್ ಸಿಗುತ್ತದೆ, ಅಷ್ಟೇ. ಹೊಸ ಕರ್ನಲ್ ಬಳಸುವ ಅವಕಾಶವಿದ್ದರೆ ಇದನ್ನೇ ನಂಬಿ.

ಕಾರ್ಡ್ ಏಕಾಏಕಿ ಹೋದಾಗ ಇನ್ನೊಂದು ತೊಂದರೆಯಿದೆ. ಇಲ್ಲದ ಪಿಸಿಐ ರಿಜಿಸ್ಟರ್ ಓದಿದರೆ ಸಾಮಾನ್ಯವಾಗಿ ಎಲ್ಲ ಬಿಟ್‌ಗಳೂ 1 ಆಗಿ ಬರುತ್ತವೆ. 32 ಬಿಟ್ ಕೌಂಟರ್ ಆದರೆ ಅದು 4,29,49,67,295. ಸುಮ್ನೆ ಕೂಡಿಸಿಬಿಟ್ಟರೆ ಬಳಸುವವರಿಗೆ ಸುಳ್ಳು ಲೆಕ್ಕ ಕೊಟ್ಟಂತೆ. ರಿಜಿಸ್ಟರ್ ಮುಟ್ಟುವ ಕಡೆಯೆಲ್ಲ ಡಿವೈಸ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಹಳೆಯ ಎಣಿಕೆಯನ್ನೇ ಉಳಿಸಿಕೊಳ್ಳಿ.

ರಿಮೂವ್ ಒಳಗೆ ಮೊದಲು ಅನ್‌ರಿಜಿಸ್ಟರ್, ಆಮೇಲೆ ಸಿಪಿಯು ಹಾಟ್‌ಪ್ಲಗ್ (ಸಿಪಿಯು ಆನ್-ಆಫ್ ಆದಾಗ ತಿಳಿಸುವ ವ್ಯವಸ್ಥೆ) ನೋಂದಣಿ ರದ್ದು, ನಂತರ ಇಂಟರಪ್ಟ್ ಬಿಡುವುದು. ಮೆಮೊರಿ ಕೊನೆಗೆ. ಡೆವ್‌ಎಂ ಪಡೆದದ್ದನ್ನು ಹಿಂದುಮುಂದಾಗಿ ಬಿಡುತ್ತದೆ. ಅದಕ್ಕೇ ಪ್ರೋಬ್‌ನಲ್ಲಿ (ಡಿವೈಸ್ ಸೇರಿದಾಗ ನಡೆಯುವ ಫಂಕ್ಷನ್) ಮೆಮೊರಿ ಮೊದಲು ಪಡೆದು ಇಂಟರಪ್ಟ್ ಆಮೇಲೆ ಕೇಳಿ.

ಇಷ್ಟಾದ ಮೇಲೆ ಕೆಎಎಸ್‌ಎಎನ್ (ಬಿಟ್ಟ ಮೆಮೊರಿಯನ್ನು ಮುಟ್ಟಿದರೆ ಹಿಡಿಯುವ ಕರ್ನಲ್ ಸಾಧನ) ಹಾಕಿ ಕರ್ನಲ್ ಬಿಲ್ಡ್ ಮಾಡಿ. 60 ಸೆಕೆಂಡಿನ ಪರ್ಫ್ ಸ್ಟ್ಯಾಟ್ ಶುರು ಮಾಡಿ, ನಡುವೆ ಅನ್‌ಬೈಂಡ್ ಮಾಡಿ. ಪರ್ಫ್ ತಾನಾಗಿ ಮುಗಿಯುವವರೆಗೂ ಕಾದು ಡಿಮೆಸೇಜ್ (ಕರ್ನಲ್ ಸಂದೇಶಗಳ ದಾಖಲೆ) ನೋಡಿ. ಹೆಚ್ಚಿನ ತಪ್ಪುಗಳು ಸಿಗುವುದು ಇವೆಂಟ್ ಮುಚ್ಚುವ ಆ ಕೊನೆಯ ಕ್ಷಣದಲ್ಲೇ.