ಏಳನೇ ಎಪಿಸೋಡ್ ಅರ್ಧಕ್ಕೆ ನಿಲ್ಲಿಸಿ ಕೇಳಿದೆ: ನನ್ನ ಅನುಭವ

ಫ್ಯಾನ್‌ಗಳ ಅಭಿಪ್ರಾಯ ಅಂದರೆ ಬರೀ ಶಿಪ್ ಜಗಳ (ಕಥೆಯಲ್ಲಿ ಯಾರಿಗೆ ಯಾರು ಜೋಡಿ ಅನ್ನುವ ವಾದ), ಅದರಿಂದ ಏನೂ ಗೊತ್ತಾಗಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಈ ಸಲ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಿಡಿದದ್ದು ದಿ ವ್ಯಾಂಪೈರ್ ಡೈರೀಸ್ ಅನ್ನುವ ಅಮೆರಿಕದ ಟಿವಿ ಧಾರಾವಾಹಿ, ನಾಲ್ಕನೇ ಸೀಸನ್ನಿನ ಏಳನೇ ಎಪಿಸೋಡ್. 2012ರ ನವೆಂಬರ್ 29ರಂದು ಬಂದದ್ದು. ಸ್ಟೀಫನ್‌ನಿಂದ ದೂರವಾದ ಎಲೀನಾ ಅವನ ಅಣ್ಣ ಡೇಮನ್ ಜೊತೆ ಸೇರುವುದು ಇದರಲ್ಲೇ.

ಮೊದಲು ಎಲ್ಲರಂತೆ ಪೋಲ್ ಹಾಕಿದೆ. ಸ್ಟೀಫನ್ನಾ, ಡೇಮನ್ನಾ? ಒಬ್ಬರೇ ಹತ್ತು ಸಲ ಒತ್ತಿದರು. ಆಮೇಲೆ ಉದ್ದನೆಯ ಫಾರ್ಮ್ ಮಾಡಿ, 25 ಡಾಲರ್‌ನ ಎರಡು ಗಿಫ್ಟ್ ಕಾರ್ಡ್ ಇಟ್ಟೆ. ಫಾರ್ಮ್ ಸೇವೆಗೆ ತಿಂಗಳಿಗೆ ಸುಮಾರು 30 ಡಾಲರ್, ಮೂರು ತಿಂಗಳು ಕಟ್ಟಿದೆ. ಹತ್ತಿರ ಹತ್ತಿರ 140 ಡಾಲರ್ ಹೋಯಿತು. ಉತ್ತರ 300ಕ್ಕೂ ಜಾಸ್ತಿ ಬಂತು, ಆದರೆ ಅರ್ಧ ಜನ ಎಪಿಸೋಡೇ ನೋಡಿರಲಿಲ್ಲ. ಅದರಲ್ಲಿ ಬರುವ ಹುಡುಗಿ ಏಪ್ರಿಲ್ ಯಾರು ಅಂತ ಕೇಳಿದ್ದಕ್ಕೆ ಅದು ತಿಂಗಳು ಅಂತ ಬರೆದವರಿದ್ದರು. ಬಹುಮಾನ ಇಡಲೇಬೇಡಿ.

ಮೂರನೇ ಸಲ ಜೋಡಿಯ ಬಗ್ಗೆ ಕೇಳುವುದನ್ನೇ ಬಿಟ್ಟೆ. ಮೊದಲ ಸಲ ನೋಡುವವರನ್ನು ಮಾತ್ರ ಹುಡುಕಿದೆ, ಸುಮಾರು 40 ಜನ. ಕೊನೆಯ ಭಾಗಕ್ಕೆ ಮೊದಲು ನಿಲ್ಲಿಸಿ, ನಾಲ್ಕು ಸಾಲು ಬರೆದು ಕಳಿಸಿ, ಆಮೇಲೆ ಮುಂದೆ ನೋಡಿ ಮತ್ತೆ ನಾಲ್ಕು ಸಾಲು ಬರೆಯಿರಿ ಅಂದೆ. ಅಂಥ ಹೊತ್ತಲ್ಲಿ ಯಾರು ನಿಲ್ಲಿಸ್ತಾರೆ ಅಂತ ಗೆಳತಿಯರು ವಾದ ಮಾಡಿದರು. 30ಕ್ಕೂ ಹೆಚ್ಚು ಜನ ನಿಲ್ಲಿಸಿದರು.

ಆದರೂ ಅವರಲ್ಲಿ ಮೊದಲು ನೋಡಿದ ತಂಡದ ಉತ್ತರ ಕೆಟ್ಟಿತು. ಯಾಕೆಂದರೆ ಡೇಮನ್ ಮತ್ತು ಎಲೀನಾ ಹತ್ತಿರವಾಗುವುದನ್ನೂ, ಸ್ಟೀಫನ್ ಮತ್ತು ಎಲೀನಾಳ ಗೆಳತಿ ಕ್ಯಾರೋಲಿನ್‌ಗೆ ಸೈರ್ ಬಾಂಡ್ (ಯಾರ ರಕ್ತದಿಂದ ವ್ಯಾಂಪೈರ್ ಆದರೋ ಅವರ ಇಷ್ಟದಂತೆ ನಡೆಯುವಂತೆ ಮಾಡುವ ಕಟ್ಟು) ಹೊಳೆಯುವುದನ್ನೂ ಒಂದಕ್ಕೊಂದು ಹೆಣೆದು ತೋರಿಸುತ್ತಾರೆ. ಸ್ವಲ್ಪ ತಡವಾದರೆ ಗುಟ್ಟು ಬಯಲು. ಸರಿಯಾಗಿ ಯಾವ ನಿಮಿಷಕ್ಕೆ ನಿಲ್ಲಿಸಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ, ತುಂಬಾ ಕಷ್ಟಪಟ್ಟು ಕಂಡುಕೊಂಡದ್ದು.

ನಿಲ್ಲಿಸುವ ಮೊದಲು ಹತ್ತರಲ್ಲಿ ಏಳು ಜನಕ್ಕೆ ಈ ಪ್ರೀತಿ ಇಷ್ಟವಾಗಿತ್ತು. "ಅಂತೂ ಸೇರಿದರು" ಅಂತ ಅತ್ತವರೂ ಇದ್ದರು. ನೋಡಿ ಮುಗಿಸಿದ ಮೇಲೆ ಅದು ನಾಲ್ಕಕ್ಕೆ ಇಳಿಯಿತು. ಮನಸ್ಸು ಬದಲಿಸಿದವರಲ್ಲಿ ಡೇಮನ್‌ನನ್ನು ಬೈದವರು ತೀರಾ ಕಡಿಮೆ. ಅವರ ಸಂಕಟವೇ ಬೇರೆ: ಎಲೀನಾ ವ್ಯಾಂಪೈರ್ ಆದದ್ದು ಡೇಮನ್ ರಕ್ತದಿಂದ, ಹಾಗಾದರೆ ಈ ಪ್ರೀತಿ ಅವಳದೇನಾ, ಅಥವಾ ರಕ್ತದ್ದಾ? ಡ್ರೆಸ್ ಆರಿಸುವಾಗ ಡೇಮನ್ ಮಾತಿಗೆ ಅವಳು ತಟ್ಟನೆ ಅಭಿಪ್ರಾಯ ಬದಲಿಸಿದ್ದನ್ನು ಎಷ್ಟೋ ಜನ ಹಿಂದೆ ಹೋಗಿ ಮತ್ತೆ ನೋಡಿದ್ದರು. ಪೋಲ್‌ನಲ್ಲಿ "ಸ್ಟೀಫನ್" ಅಂತ ಒತ್ತಿದವರಲ್ಲೂ ಇಂಥವರು ಇದ್ದಿರಬೇಕು, ಅಲ್ವಾ? ಅವರಿಗೆ ಬೇಕಿದ್ದದ್ದು ಸ್ಟೀಫನ್ ಅಲ್ಲ, ಎಲೀನಾಳ ಸ್ವಂತ ಇಷ್ಟ.

ಸುಮ್ನೆ ಇನ್ನೊಂದು ನೋಡೋಣ ಅಂತ ಐದಾರು ಜನಕ್ಕೆ ಆ ಕೊನೆಯ ಭಾಗವನ್ನು ಶಬ್ದವಿಲ್ಲದೆ ತೋರಿಸಿದೆ. ಎಲ್ಲರಿಗೂ ಇಷ್ಟವಾಯಿತು! ಮಾತು ಕೇಳಿಸದಿದ್ದರೆ ಸೈರ್ ಬಾಂಡ್ ಕಾಣುವುದೇ ಇಲ್ಲ.

ಮೊದಲು ಬರೆದದ್ದೂ ಆಮೇಲೆ ಬರೆದದ್ದೂ ಒಬ್ಬರದೇ ಅಂತ ಹೊಂದಿಸಲು ಹೆಸರು ಕೇಳಬೇಡಿ, ಹೆದರುತ್ತಾರೆ. ಅದಕ್ಕೂ ಒಂದು ಉಪಾಯ ಇದೆ, ಇನ್ನೊಮ್ಮೆ ಹೇಳುತ್ತೇನೆ. ಈ ಸಲದ ಖರ್ಚು ಸೊನ್ನೆ. ಅದೇ ಜನ ಈಗ ಎಂಟನೆಯದಕ್ಕೆ ಕಾಯುತ್ತಿದ್ದಾರೆ, ಅಣ್ಣತಮ್ಮ ಇಬ್ಬರೂ ಬಾಂಡ್ ಮುರಿಯುವ ದಾರಿ ಹುಡುಕಿ ನ್ಯೂ ಆರ್ಲಿಯನ್ಸ್‌ಗೆ ಹೋಗುವ ಎಪಿಸೋಡ್. ಅದರಲ್ಲಿ ಎರಡು ಕಡೆ ನಿಲ್ಲಿಸಬೇಕು ಅಂದುಕೊಂಡಿದ್ದೇನೆ.