ಸುಟ್ಟ ಸೆಕೋಯಾ ಮರವನ್ನು ನೋಡುವುದು ಹೇಗೆ?

ಕ್ಯಾಲಿಫೋರ್ನಿಯಾದ ಸೆಕೋಯಾ ನ್ಯಾಷನಲ್ ಪಾರ್ಕ್‌ಗೆ ಹೋದವರಲ್ಲಿ ಬಹಳಷ್ಟು ಜನ, ಗಾತ್ರದಲ್ಲಿ ಜಗತ್ತಿಗೇ ದೊಡ್ಡದಾದ ಜನರಲ್ ಶೆರ್ಮನ್ ಎಂಬ ಸೆಕೋಯಾ ಮರದ ಮುಂದೆ ಒಂದು ಸೆಲ್ಫಿ ತೆಗೆದುಕೊಂಡು ವಾಪಸ್ಸಾಗುತ್ತಾರೆ. ಸುಮಾರು 84 ಮೀಟರ್ ಎತ್ತರದ ಮರ, ಫೋಟೊದಲ್ಲಿ ಹೇಗೂ ಪೂರ್ತಿ ಬರುವುದಿಲ್ಲ. ನೀವು ಅಲ್ಲಿಂದ ಕಾಂಗ್ರೆಸ್ ಟ್ರೇಲ್ ಎಂಬ ಕಾಲುದಾರಿ ಹಿಡಿಯಿರಿ. ಒಂದು ಸುತ್ತಿಗೆ 3 ಕಿಲೋಮೀಟರ್ ಆಸುಪಾಸು, ಅಷ್ಟೇ.

ದಾರಿಯಲ್ಲಿ ಸಿಗುವ ಸೆಕೋಯಾ ಮರಗಳ ಬುಡ ಮೊದಲು ನೋಡಿ. ತ್ರಿಕೋನದ ಹಾಗೆ ಬಾಯಿ ತೆರೆದ ಕಪ್ಪು ಪೊಟರೆ ಕಂಡರೆ ಅದು ಕಾಳ್ಗಿಚ್ಚಿನ ಗಾಯ. ಗುಡ್ಡದ ಮೇಲ್ಬದಿಗೇ ಅದು ಜಾಸ್ತಿ, ಯಾಕಂದ್ರೆ ಮೇಲಿನಿಂದ ಜಾರಿ ಬಂದ ಕಡ್ಡಿ, ತರಗೆಲೆ ಎಲ್ಲ ಆ ಕಡೆಯೇ ಬುಡಕ್ಕೆ ಒತ್ತಿಕೊಂಡು, ಬೆಂಕಿ ಬಂದಾಗ ಅಲ್ಲೇ ಹೆಚ್ಚು ಹೊತ್ತು ಉರಿಯುತ್ತದೆ. ಗಾಯದ ಅಂಚು ದಪ್ಪಗೆ ಒಳಕ್ಕೆ ಸುರುಳಿಕೊಂಡಿದೆಯಾ? ಮರ ವರ್ಷ ವರ್ಷ ಅದನ್ನು ಮುಚ್ಚಿಕೊಳ್ಳುತ್ತಾ ಇದೆ ಅಂತ ಲೆಕ್ಕ. ತೊಗಟೆಯೇ ಕೆಲವು ಕಡೆ 60 ಸೆಂಟಿಮೀಟರ್ ದಪ್ಪ, ಅದರಲ್ಲಿ ರಾಳವೂ ಕಡಿಮೆ, ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ.

ಆಮೇಲೆ ಕತ್ತು ನೋಯುವಷ್ಟು ಮೇಲೆ ನೋಡಿ. ಬುಡ ಎಷ್ಟೇ ಕರಕಲಾಗಿರಲಿ, ನೆತ್ತಿ ಹಸಿರಾಗಿದ್ದರೆ ಮರ ಬದುಕಿದೆ. ನೆತ್ತಿಯೇ ಸುಟ್ಟುಹೋದರೆ ಕಷ್ಟ. ನೂರು ವರ್ಷ ಸಣ್ಣ ಬೆಂಕಿಯನ್ನೂ ಬಿಡದೆ ಆರಿಸಿ ಆರಿಸಿ ಕಾಡಿನಲ್ಲಿ ಸೌದೆ ರಾಶಿ ಬಿತ್ತು, ಮೇಲೆ ಬರಗಾಲ ಬೇರೆ. 2020ರಲ್ಲಿ ಕ್ಯಾಸಲ್ ಎಂಬ ಕಾಳ್ಗಿಚ್ಚಿನಲ್ಲಿ 7,500ಕ್ಕೂ ಹೆಚ್ಚು ದೊಡ್ಡ ಸೆಕೋಯಾಗಳು ಸತ್ತವು ಅಂತ ಅಂದಾಜು. ಮರುವರ್ಷ ಇನ್ನೊಂದು ಕಾಳ್ಗಿಚ್ಚು ಹತ್ತಿರ ಬಂದಾಗ ಶೆರ್ಮನ್ ಬುಡಕ್ಕೆ ಅಲ್ಯೂಮಿನಿಯಂ ಹೊದಿಕೆ ಸುತ್ತಿದ್ದು ಸುಮ್ನೆ ಅಲ್ಲ.

ಕೊನೆಗೆ ಕಾಲ ಬಳಿ ಹುಡುಕಿ. ಸೆಕೋಯಾ ಕಾಯಿ ಕೋಳಿಮೊಟ್ಟೆಯಷ್ಟೇ ದೊಡ್ಡದು. ಮೊಳದುದ್ದದ ಕಾಯಿ ಸಿಕ್ಕಿದರೆ ಅದು ಶುಗರ್ ಪೈನ್ ಎಂಬ ಬೇರೆ ಮರದ್ದು, ಮೋಸ ಹೋಗಬೇಡಿ. ಸೆಕೋಯಾ ಕಾಯಿ ಹಸಿರಾಗಿಯೇ ಇಪ್ಪತ್ತು ವರ್ಷ ಬೇಕಾದರೂ ಕೊಂಬೆಯಲ್ಲಿ ಕಾದಿರುತ್ತದೆ. ಬೆಂಕಿಯ ಬಿಸಿ ಮೇಲೇರಿದಾಗ ಒಣಗಿ ಬಿರಿದು, ಅವಲಕ್ಕಿ ಚೂರಿನಂಥ ಬೀಜ ಉದುರಿಸುತ್ತದೆ. ತರಗೆಲೆ ಸುಟ್ಟು ಬರಿಯಾದ ಮಣ್ಣಿನಲ್ಲೇ ಅವು ಚೆನ್ನಾಗಿ ಮೊಳೆಯುವುದು. ಈಚೆಗೆ ಸುಟ್ಟ ಜಾಗದಲ್ಲಿ ಬೆರಳುದ್ದದ ಸಸಿಗಳು ಕಂಡಾವು. ಅದಕ್ಕೇ ದಾರಿ ಬಿಟ್ಟು ಕಾಲಿಡಬೇಡಿ. ದೊಡ್ಡ ಮರದ ಬೇರೂ ಮೇಲ್ಮಣ್ಣಿನಲ್ಲೇ ಇರುತ್ತದೆ.

ಮಕ್ಕಳಿದ್ದರೆ ಕಾರು ಹತ್ತುವ ಮುಂಚೆ ಜೇಬು ತಡವಿ ನೋಡಿ, ಕಾಯಿ ಮನೆಗೆ ತರುವಂತಿಲ್ಲ.